ಎಂಜಿನ್ ಬದಲಾದ ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳುವ ಮೊದಲು ಕಸಿಯ ಗಂಟು ನೋಡಿ

ಪ್ರಶ್ನೆ: 1993ರ ಮಾಜ್ದಾ ಆರ್‌ಎಕ್ಸ್-7 ಕಾರೊಂದು ಮಾರಾಟಕ್ಕಿದೆ. ಮೂಲ ರೋಟರಿ ಎಂಜಿನ್ ತೆಗೆದು ಶೆವ್ರೊಲೆಯ ಎಲ್‌ಎಸ್1 ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿದ್ದಾರೆ. ಆ ಕೆಲಸ ಮಾಡಿದ್ದು ಹಿಂದಿನ ಮಾಲೀಕರು. ಈಗ ಮಾರುತ್ತಿರುವವರ ಬಳಿ ಕಾರು ಇರುವುದು ಎರಡು ವರ್ಷದಿಂದ. ಹದಿನೈದು ನಿಮಿಷ ಓಡಿಸಿ ನೋಡಿದೆ, ಮನಸ್ಸು ಸೋತಿತು. ಆದರೆ ಅನುಭವಿ ಗೆಳೆಯರೊಬ್ಬರು, ಎಂಜಿನ್ ಬದಲಾದ ಕಾರಿನ ಹತ್ತಿರ ಸುಳಿಯಲೇಬೇಡ ಎನ್ನುತ್ತಾರೆ. ಕೊಳ್ಳಬಹುದೇ? ಕೊಳ್ಳುವುದಾದರೆ ಏನೇನು ಪರೀಕ್ಷಿಸಬೇಕು?

ಉತ್ತರ: ನಿಮ್ಮ ಗೆಳೆಯರ ಭಯಕ್ಕೆ ಕಾರಣವಿದೆ, ಆದರೂ ಅವರ ತೀರ್ಪನ್ನು ನಾನು ಒಪ್ಪುವುದಿಲ್ಲ. ಇಂಥ ಕಾರುಗಳನ್ನು ಕೊಳ್ಳುವವರ ಪರವಾಗಿ ವರ್ಷಗಳಿಂದ ಪರೀಕ್ಷಿಸುತ್ತಾ ಬಂದಿದ್ದೇನೆ. ಕೆಲವನ್ನು ಕಣ್ಣು ಮುಚ್ಚಿ ಕೊಳ್ಳಿ ಎಂದಿದ್ದೇನೆ, ಹೆಚ್ಚಿನವನ್ನು ಬೇಡ ಎಂದಿದ್ದೇನೆ. ಬೇಡ ಎಂದ ಕಾರುಗಳಲ್ಲಿ ಎಂಜಿನ್ನೇ ಕೆಟ್ಟಿದ್ದದ್ದು ತೀರಾ ಅಪರೂಪ. ತೋಟದ ಅನುಭವವಿರುವವರು ಕಸಿ ಗಿಡ ಕೊಳ್ಳುವಾಗ ಚಿಗುರಿಗೆ ಮರುಳಾಗದೆ ಎರಡು ಗಿಡ ಕೂಡಿದ ಗಂಟನ್ನು ಬೆರಳಿನಿಂದ ಒತ್ತಿ ನೋಡುತ್ತಾರಲ್ಲ, ಇಲ್ಲಿಯೂ ಹಾಗೆಯೇ ನೋಡಬೇಕು. ಕಾರನ್ನು ಒಂದು ಕಾರ್ಖಾನೆ ವರ್ಷಗಟ್ಟಲೆ ಪರೀಕ್ಷಿಸಿ ಮಾಡಿತು, ಎಂಜಿನ್ನನ್ನು ಇನ್ನೊಂದು ಕಾರ್ಖಾನೆ ಅಷ್ಟೇ ಶ್ರದ್ಧೆಯಿಂದ ಮಾಡಿತು. ಆದರೆ ಅವೆರಡೂ ಸೇರುವ ಜಾಗಗಳನ್ನು ಯಾವ ಕಾರ್ಖಾನೆಯೂ ಪರೀಕ್ಷಿಸಿಲ್ಲ. ಅಲ್ಲಿರುವುದು ಒಬ್ಬರ ಕೈಗೆಲಸ. ಆ ಕೈಗುಣ ಹೇಗಿದೆ ಎಂಬುದನ್ನು ಹದಿನೈದು ನಿಮಿಷದ ಓಟ ನಿಮಗೆ ಹೇಳಲಾರದು. ವಿ8 ಎಂಜಿನ್ ಗುಡುಗುವಾಗಲಂತೂ ಕಿವಿಗೆ ಬೇರೇನೂ ಕೇಳಿಸುವುದಿಲ್ಲ.

ಮೊದಲು, ಈ ಕಸಿಯನ್ನೇ ಯಾಕೆ ಮಾಡುತ್ತಾರೆ ಎಂಬುದನ್ನು ತಿಳಿದುಕೊಳ್ಳಿ. ನಿಮ್ಮ ಕಾರಿನ ಮೂಲ ಎಂಜಿನ್ 13ಬಿ ಎಂಬ, ಪಿಸ್ಟನ್ ಬದಲು ಒಳಗೇ ಸುತ್ತುವ ತ್ರಿಕೋನಾಕಾರದ ಎರಡು ರೋಟರ್‌ಗಳ ರೋಟರಿ. ತಲಾ 654 ಸಿಸಿ, ಒಟ್ಟು 1.3 ಲೀಟರ್, ಒಂದರ ನಂತರ ಒಂದು ಕೆಲಸಕ್ಕಿಳಿಯುವ ಎರಡು ಟರ್ಬೊಗಳಿಂದ 255 ಅಶ್ವಶಕ್ತಿ. ಹಗುರ, ಚುರುಕು, ಬೇರಾವ ಎಂಜಿನ್‌ನಲ್ಲೂ ಇಲ್ಲದ ನಯ. ಆದರೆ ರೋಟರ್‌ನ ಮೂರು ತುದಿಗಳಲ್ಲಿರುವ ಸೀಲುಗಳು ಬಿಸಿಯನ್ನೂ ನಿರ್ಲಕ್ಷ್ಯವನ್ನೂ ಕ್ಷಮಿಸುವುದಿಲ್ಲ. ಸೀಲು ಹೋದರೆ ಇಡೀ ಎಂಜಿನ್ ಬಿಚ್ಚಬೇಕು. ಹಾಗೆ ಬಿಚ್ಚುವ ಹೊತ್ತಿಗೆ ಕೆಲವರು ವಿ8 ಕಡೆಗೆ ತಿರುಗುತ್ತಾರೆ. 1997ರಲ್ಲಿ ಶೆವ್ರೊಲೆ ಕಾರ್ವೆಟ್ ಜೊತೆ ಬಂದ ಎಲ್‌ಎಸ್1 ಎಂಜಿನ್ 5.7 ಲೀಟರ್‌ನದು, 345 ಅಶ್ವಶಕ್ತಿಯದು. ಎಂಜಿನ್ನಿನ ಮುಖ್ಯ ದೇಹವಾದ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್‌ಗಳು ಅಲ್ಯೂಮಿನಿಯಂನವು, ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಒಂದೇ, ಅದೂ ಬ್ಲಾಕಿನ ಒಳಗೆ. ಹಾಗಾಗಿ ಇದು ತನ್ನ ಸಾಮರ್ಥ್ಯಕ್ಕೆ ಹೋಲಿಸಿದರೆ ಗಿಡ್ಡಗೆ, ಕಿರಿದಾಗಿ, ಹಗುರವಾಗಿದೆ. ದೊಡ್ಡ ವಿ8 ತುರುಕಿ ಕಾರಿನ ಮೂತಿ ಭಾರವಾಗಿಸಿದ್ದಾರೆ ಎಂಬ ಹಳೆಯ ದೂರು ಇದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಬಹಳ ಮಂದಿ ನಡೆದ ದಾರಿ ಇದು. ಸಿದ್ಧ ಮೌಂಟಿಂಗ್ ಕಿಟ್‌ಗಳು ಸಿಗುತ್ತವೆ, ತೊಡಕುಗಳು ಎಲ್ಲಿ ಬರುತ್ತವೆ ಎಂಬುದು ಗೊತ್ತಿದೆ. ನಿಮ್ಮ ಕಾರಿನ ಪರವಾಗಿ ನಾನು ಹೇಳಬಹುದಾದ ಮೊದಲ ಮಾತು ಇದು.

ಎರಡನೆಯ ಮಾತು: ಅದು ನಿಜಕ್ಕೂ ಎಲ್‌ಎಸ್1 ಹೌದೇ? ಎಲ್‌ಎಸ್ ಕುಟುಂಬದ ಎಂಜಿನ್‌ಗಳೆಲ್ಲ ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಪಿಕಪ್ ಟ್ರಕ್‌ಗಳಿಗೆಂದು ಮಾಡಿದ 4.8 ಮತ್ತು 5.3 ಲೀಟರ್ ಎಂಜಿನ್‌ಗಳಲ್ಲಿ ಹೆಚ್ಚಿನವುಗಳ ಬ್ಲಾಕ್ ಎರಕದ ಕಬ್ಬಿಣದ್ದು. ಅವು ಗಟ್ಟಿಮುಟ್ಟು, ಆದರೆ ಭಾರ, ಬೆಲೆಯೂ ಬೇರೆ. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ, ಬ್ಲಾಕಿನ ಪಕ್ಕಕ್ಕೆ ತಾಗಿಸಿ. ಅಂಟಿಕೊಂಡರೆ ಕಬ್ಬಿಣ, ಮಾತು ಅಲ್ಲಿಗೆ ಮುಗಿಯಿತು. ಇನ್ನು ಮಾರುವವರು ಇದು ಕಾರ್ವೆಟ್ ಎಂಜಿನ್ ಎಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ನೋಡಿ. ಕಾರ್ವೆಟ್‌ನ ಎಲ್‌ಎಸ್1ಗೆ ವಿದ್ಯುತ್ ಥ್ರಾಟಲ್ ಇತ್ತು, ಅದೇ ಕಾಲದ ಕಮಾರೊ ಮತ್ತು ಫೈರ್‌ಬರ್ಡ್ ಕಾರುಗಳಲ್ಲಿ ಕೇಬಲ್ ಇತ್ತು. ಕಾರ್ವೆಟ್‌ನ ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಬಳಿ ಇರುವುದರಿಂದ, ಆರ್‌ಎಕ್ಸ್-7ರಲ್ಲಿ ಸಾಮಾನ್ಯವಾಗಿ ಕಾಣುವುದು ಕಮಾರೊ ಮೂಲದ ಟಿ56 ಆರು ಗೇರಿನ ಪೆಟ್ಟಿಗೆ. ಕೇಬಲ್ ಥ್ರಾಟಲ್ ಇರುವುದು ದೋಷವೇನೂ ಅಲ್ಲ. ಆದರೆ ಕಾರ್ವೆಟ್‌ನದು ಎಂದು ಹೇಳಿ ಬೇರೆಯದನ್ನು ತೋರಿಸುವವರಿಗೆ ತಮ್ಮ ಕಾರಿನ ಬಗ್ಗೆ ಗೊತ್ತಿಲ್ಲ ಎಂದೇ ಅರ್ಥ, ಅಥವಾ ಅದಕ್ಕಿಂತ ಕೆಟ್ಟದ್ದು.

ಈ ವಂಶಾವಳಿ ಯಾಕೆ ಇಷ್ಟು ಮುಖ್ಯ? ನಾಳೆ ವಾಟರ್ ಪಂಪ್ ಹೋದಾಗ ಯಾವ ವರ್ಷದ, ಯಾವ ಮಾದರಿಯ ಪಂಪ್ ತರಿಸಬೇಕು? ಕ್ಲಚ್ ಪ್ಲೇಟ್ ಯಾವುದು? ಆಲ್ಟರ್ನೇಟರ್ ಬೆಲ್ಟಿನ ಉದ್ದ ಎಷ್ಟು? ರೇಡಿಯೇಟರ್ ಹೋಸನ್ನು ಯಾವ ಕಾರಿನದು ಎಂದು ಕೇಳಿ ತರುವುದು? ಕಸಿ ಕಾರಿನ ಕೈಪಿಡಿಯನ್ನು ಯಾರೂ ಮುದ್ರಿಸುವುದಿಲ್ಲ, ಕಟ್ಟಿದವರೇ ಬರೆದಿಟ್ಟಿರಬೇಕು. ಒಮ್ಮೆ ಒಬ್ಬರು ಕಾರು ತೋರಿಸುವ ಮೊದಲು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ನನ್ನ ಕೈಗೆ ಒಂದು ನೋಟುಪುಸ್ತಕ ಕೊಟ್ಟರು. ಎಡಪುಟದಲ್ಲಿ ಬಿಡಿಭಾಗದ ಸಂಖ್ಯೆ, ಬಲಪುಟದಲ್ಲಿ ಅದನ್ನು ಹಾಕಿದ ದಿನಾಂಕ ಮತ್ತು ಕಿಲೋಮೀಟರ್. ನಡುವೆ ಮಡಚಿಟ್ಟ ದೊಡ್ಡ ಹಾಳೆಯಲ್ಲಿ ವೈರಿಂಗ್ ನಕ್ಷೆ, ತಂತಿಯ ಬಣ್ಣಕ್ಕೆ ಸರಿಯಾಗಿ ಬಣ್ಣದ ಪೆನ್ಸಿಲಿನ ಗೆರೆ. ಒಂದು ಕಡೆ ಕೆಂಪು ಗೆರೆ ಹೊಡೆದು ಹಾಕಿ, ಈ ಫ್ಯೂಸ್ ಎರಡು ಬಾರಿ ಹೋಯಿತು, ತಂತಿ ಬದಲಿಸಿದೆ ಎಂದು ಬರೆದಿದ್ದರು. ಬಾನೆಟ್ ಎತ್ತುವ ಮೊದಲೇ ಆ ಕಾರು ಅರ್ಧ ಪಾಸಾಗಿತ್ತು. ನಿಮ್ಮ ವಿಷಯದಲ್ಲಿ ಕೆಲಸ ಮಾಡಿದವರು ಬೇರೆ, ಮಾರುವವರು ಬೇರೆ. ಆ ಕಾಗದಪತ್ರ ಈಗಿನವರ ಕೈಗೆ ಬಂದಿದೆಯೇ ಎಂದು ಮೊದಲ ಫೋನಿನಲ್ಲೇ ಕೇಳಿ.

ಕಾರು ನೋಡಲು ಹೋಗುವ ದಿನ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ತಿಳಿಸಿ, ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಲು ಸಂಕೋಚಪಡಬೇಡಿ. ಎಲ್‌ಎಸ್1 ಎಂಜಿನ್‌ಗಳಲ್ಲಿ ಕೆಲವು ತಣ್ಣಗಿದ್ದು ಶುರುವಾದಾಗ ಪಿಸ್ಟನ್ ಸಡಿಲದ ಟಕಟಕ ಸದ್ದು ಮಾಡುತ್ತವೆ. ಬಿಸಿಯಾಗುತ್ತಿದ್ದಂತೆ ಅದು ಅಡಗಿದರೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ಉಳಿಯುವ, ಆಕ್ಸಲರೇಟರ್ ಜೊತೆ ಏರುವ ದಪ್ಪ ಸದ್ದು ಬೇರೆಯೇ ಜಾತಿ. ಎಂಜಿನ್ನಿನ ಆರೋಗ್ಯದ ಬಗ್ಗೆ ಉಳಿದದ್ದು ಯಾವ ಕಾರಿಗೂ ಇರುವಂಥದ್ದೇ: ಎಂಟೂ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗೆ ಹುಟ್ಟುವ ಒತ್ತಡ) ಅಳೆಸಿ, ಅವುಗಳ ನಡುವಿನ ಅಂತರ ಶೇ 10ರ ಆಸುಪಾಸಿನಲ್ಲಿದ್ದರೆ ಮುಂದೆ ಹೋಗಿ. ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಸಂಖ್ಯೆಯನ್ನು ಮರೆತುಬಿಡಿ. ಅದು ಕಾರಿನ ದೇಹದ ವಯಸ್ಸು, ಎಂಜಿನ್ನಿನದಲ್ಲ.

ಈಗ ಕಾರನ್ನು ಲಿಫ್ಟ್ ಮೇಲೆ ಏರಿಸಿ. ಇದಕ್ಕೆ ಮಾರುವವರು ಒಪ್ಪದಿದ್ದರೆ ವ್ಯವಹಾರ ಬೇಡ. ಕೆಳಗಿನಿಂದ ಮೊದಲು ನೋಡಬೇಕಾದ್ದು ಎಂಜಿನ್ ಮೌಂಟಿಂಗ್‌ಗಳ ಬೆಸುಗೆ. ಒಳ್ಳೆಯ ಬೆಸುಗೆ ಒಂದರ ಮೇಲೊಂದು ಜೋಡಿಸಿದ ನಾಣ್ಯಗಳ ಸಾಲಿನಂತೆ ಸಮನಾಗಿರುತ್ತದೆ. ಉಗುಳಿದಂತೆ ಉಂಡೆ ಉಂಡೆಯಾಗಿ ಕೂತಿದ್ದರೆ, ಅದರ ಮೇಲೆ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನಿಸಿ. ಸಿದ್ಧ ಕಿಟ್ಟಿನ ಸಬ್‌ಫ್ರೇಮ್ ಆಗಿದ್ದರೆ ಇನ್ನೂ ಒಳ್ಳೆಯದು. ಆಯಿಲ್ ಸಂಪಿನ ತಳ ಕಾರಿನ ಅತಿ ತಗ್ಗಿನ ಭಾಗವಾಗಿದೆಯೇ? ಆಗಿದ್ದರೆ ರಸ್ತೆಯ ಉಬ್ಬು ಮೊದಲು ತಾಗುವುದು ಅದಕ್ಕೇ. ಸ್ಟೀರಿಂಗ್ ಶಾಫ್ಟ್ ಇರುವ ಬದಿಯ ಎಕ್ಸಾಸ್ಟ್ ಕೊಳವೆಗೂ ಶಾಫ್ಟಿಗೂ ನಡುವೆ ಒಂದು ಬೆರಳಾದರೂ ತೂರಬೇಕು. ಎಂಜಿನ್ ನಿಂತಲ್ಲೇ ನಿಲ್ಲುವುದಿಲ್ಲ, ಆಕ್ಸಲರೇಟರ್ ಒತ್ತಿದಾಗ ಹೊರಳುತ್ತದೆ. ಬ್ರೇಕ್ ಮತ್ತು ಕ್ಲಚ್ ಆಯಿಲಿನ ಕೊಳವೆಗಳು ಎಕ್ಸಾಸ್ಟಿನ ಬಳಿ ಹಾದಿದ್ದರೆ ಶಾಖ ತಡೆಯುವ ಹೊದಿಕೆ ಇರಲೇಬೇಕು.

ಈ ಕಾರಿಗಷ್ಟೇ ಸಂಬಂಧಿಸಿದ ಒಂದು ಸಂಗತಿಯನ್ನು ವಿಶೇಷವಾಗಿ ನೋಡಿ. ಮಾಜ್ದಾದವರು ಈ ಆರ್‌ಎಕ್ಸ್-7ರಲ್ಲಿ ಗೇರ್‌ಬಾಕ್ಸಿನಿಂದ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಪವರ್ ಪ್ಲಾಂಟ್ ಫ್ರೇಮ್ ಎಂಬ ಉದ್ದನೆಯ ತೊಲೆಯೊಂದನ್ನು ಕೊಟ್ಟಿದ್ದರು. ಆಕ್ಸಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ಮೂತಿ ಮೇಲೇಳದಂತೆ ಹಿಡಿದಿಡುವುದು ಅದರ ಕೆಲಸ. ಟಿ56 ಗೇರ್‌ಬಾಕ್ಸ್ ಹಾಕುವಾಗ ಸಾಮಾನ್ಯವಾಗಿ ಆ ತೊಲೆ ಹೊರಬೀಳುತ್ತದೆ. ಹಾಗಾದರೆ ಡಿಫರೆನ್ಷಿಯಲ್‌ನ ಮೂತಿಯನ್ನು ಈಗ ಹಿಡಿದಿರುವುದು ಯಾವುದು? ಗಟ್ಟಿ ಬ್ರಾಕೆಟ್ ಕಾಣಬೇಕು. ಅದು ದೇಹಕ್ಕೆ ಕೂಡುವ ಜಾಗದಲ್ಲಿ ತಗಡು ಬಿರುಕು ಬಿಟ್ಟಿರಬಾರದು. ಮೂಲ ರೋಟರಿಯ ಟಾರ್ಕ್ (ತಿರುಗಿಸುವ ಬಲ) ಸುಮಾರು 294 ನ್ಯೂಟನ್ ಮೀಟರ್, ಎಲ್‌ಎಸ್1ರದು ಸುಮಾರು 475. ಅದೂ ತಗ್ಗಿನ ವೇಗದಲ್ಲೇ ಧುಮ್ಮಿಕ್ಕುವ ಟಾರ್ಕ್. ಮೂಲ ಡಿಫರೆನ್ಷಿಯಲ್ ಮತ್ತು ಆಕ್ಸಲ್‌ಗಳೇ ಇದ್ದರೆ ಸೌಮ್ಯವಾಗಿ ಓಡಿಸುವವರಿಗೆ ಬಾಳಿಕೆ ಬಂದೀತು, ನಿಂತಲ್ಲಿಂದ ಚಕ್ರ ಸುತ್ತಿಸುವವರಿಗೆ ಬರುವುದಿಲ್ಲ. ಬದಲಿಸಿದ್ದರೆ ಯಾವುದರಿಂದ ಎಂದು ಬರೆದುಕೊಳ್ಳಿ.

ವೈರಿಂಗ್ ವಿಷಯಕ್ಕೆ ಬಂದರೆ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ. ನಾನು ನೋಡಿದ ಕೆಟ್ಟ ಕಸಿಗಳಲ್ಲಿ ಮುಕ್ಕಾಲು ಪಾಲು ಸತ್ತಿದ್ದು ಇಲ್ಲಿಯೇ. ಬಾನೆಟ್ ಅಡಿ ಕನ್ನಡಿಯಂತೆ ಹೊಳೆಯುತ್ತಿದ್ದ ಕಾರೊಂದರಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಟಾರ್ಚ್ ಹಾಕಿದೆ. ತಂತಿಗಳನ್ನು ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಬೇಸಿಗೆಯ ಬಿಸಿಗೆ ಆ ಟೇಪಿನ ಅಂಟು ಕರಗಿ, ಸುರುಳಿ ಬಿಚ್ಚಿ ತಾಮ್ರ ಕಾಣುತ್ತಿತ್ತು. ಹಸಿರು ತಂತಿ ಶುರುವಾಗಿ ಎರಡಡಿ ಆಚೆ ಕಪ್ಪಾಗಿ, ಕೊನೆಗೆ ಹಳದಿಯಾಗಿ ಫ್ಯೂಸ್ ಪೆಟ್ಟಿಗೆ ಸೇರುತ್ತಿತ್ತು. ಇಂಧನ ಪಂಪಿನ ರಿಲೇ (ವಿದ್ಯುತ್ತಿನಿಂದ ಆಡುವ ಸ್ವಿಚ್) ಎಲ್ಲಿದೆ ಎಂದು ಕೇಳಿದರೆ ಮಾಲೀಕರಿಗೇ ತಿಳಿದಿರಲಿಲ್ಲ. ಅಂಥ ಕಾರು ಒಂದು ದಿನ ನಡುರಸ್ತೆಯಲ್ಲಿ ನಿಲ್ಲುತ್ತದೆ, ಇಲ್ಲವೇ ಹೊತ್ತಿಕೊಳ್ಳುತ್ತದೆ. ನಿಮ್ಮ ಕಾರಿನಲ್ಲಿ ನೋಡಬೇಕಾದ್ದು: ಪ್ರತಿ ಮುಖ್ಯ ಸರ್ಕ್ಯೂಟಿಗೆ ತನ್ನದೇ ಫ್ಯೂಸ್, ಫ್ಯಾನ್ ಮತ್ತು ಪಂಪಿಗೆ ಪ್ರತ್ಯೇಕ ರಿಲೇ, ತಗಡಿನ ಗೋಡೆ ದಾಟುವಲ್ಲೆಲ್ಲ ರಬ್ಬರ್ ಬಳೆ, ಎಂಜಿನ್ನಿನಿಂದ ದೇಹಕ್ಕೂ ಬ್ಯಾಟರಿಗೂ ದಪ್ಪನೆಯ ಅರ್ತ್ ತಂತಿ. ಮಲ್ಟಿಮೀಟರ್ ಇದ್ದರೆ ಸ್ಟಾರ್ಟರ್ ತಿರುಗುತ್ತಿರುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆಯಿರಿ. 0.2 ವೋಲ್ಟ್‌ಗಿಂತ ಬಹಳ ಹೆಚ್ಚು ತೋರಿಸಿದರೆ ಅರ್ತಿಂಗ್ ಸರಿಯಿಲ್ಲ. ಕಾರಣ ತಿಳಿಯದ ನೂರೆಂಟು ಕಾಯಿಲೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಇದರ ಜೊತೆಗೇ ಇನ್ನೊಂದು. 1993ರ ಕಾರಿನಲ್ಲಿ ಈಗಿನ ಒಬಿಡಿ-2 ತಪಾಸಣೆಯ ಸಾಕೆಟ್ ಇರಲಿಲ್ಲ, ಎಲ್‌ಎಸ್1ರ ಕಂಪ್ಯೂಟರಿಗೆ ಅದು ಬೇಕು. ಶ್ರದ್ಧೆಯಿಂದ ಕೆಲಸ ಮಾಡಿದವರು ಸ್ಟೀರಿಂಗ್ ಕೆಳಗೆ ಆ ಸಾಕೆಟ್ ಕೂರಿಸಿರುತ್ತಾರೆ. ಸ್ಕ್ಯಾನರ್ ಚುಚ್ಚಿ ನೋಡಿ. ಕೀಲಿ ತಿರುಗಿಸಿದಾಗ ಎಂಜಿನ್ ಎಚ್ಚರಿಕೆಯ ದೀಪ ಒಮ್ಮೆ ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತುವುದೇ ಇಲ್ಲವೆಂದರೆ ಅದನ್ನು ಜೋಡಿಸಿಲ್ಲ, ಇಲ್ಲವೇ ಬಾಯಿ ಮುಚ್ಚಿಸಿದ್ದಾರೆ. ದೋಷವೇ ಇಲ್ಲ ಎಂದು ಸ್ಕ್ಯಾನರ್ ತೋರಿಸಿದರೂ ಸ್ವಯಂ ತಪಾಸಣೆಗಳು ಪೂರ್ಣಗೊಂಡಿವೆಯೇ ಎಂದು ನೋಡಿ. ನಿನ್ನೆ ಅಳಿಸಿದ ಸ್ಮರಣೆಯಲ್ಲಿ ಇಂದು ದೋಷ ಕಾಣುವುದಿಲ್ಲ.

ತಂಪಾಗಿಸುವ ವ್ಯವಸ್ಥೆ ಈ ಕಾರಿನ ಎರಡನೆಯ ದೊಡ್ಡ ಪ್ರಶ್ನೆ. ಎಲ್‌ಎಸ್ ಎಂಜಿನ್‌ಗಳ ಹೆಡ್‌ಗಳ ಮೇಲೆ ಆವಿ ಹೊರಬರಲು ಪೆನ್ಸಿಲ್ ಗಾತ್ರದ ಸಣ್ಣ ಕೊಳವೆಯೊಂದಿದೆ. ಅದು ರೇಡಿಯೇಟರಿನ ಮೇಲ್ಭಾಗಕ್ಕೋ ಕೂಲೆಂಟ್ ಟ್ಯಾಂಕಿಗೋ ಸೇರಬೇಕು. ಕಸಿ ಮಾಡುವವರಲ್ಲಿ ಕೆಲವರು ಅದರ ಉದ್ದೇಶ ತಿಳಿಯದೆ ಬಾಯಿಗೆ ಬಿರಡೆ ಜಡಿಯುತ್ತಾರೆ. ಆಗ ಹೆಡ್‌ನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಆ ಜಾಗವಷ್ಟೇ ಕುದಿಯುತ್ತದೆ, ಉಷ್ಣತಾ ಮಾಪಕದ ಮುಳ್ಳು ಮಾತ್ರ ಶಾಂತವಾಗಿ ನಿಂತಿರುತ್ತದೆ. ಆ ಕೊಳವೆಯನ್ನು ಬೆರಳಿನಿಂದಲೇ ಕೊನೆಯವರೆಗೆ ಹಿಂಬಾಲಿಸಿ ಹೋಗಿ. ಮುಳ್ಳನ್ನೂ ಪೂರ್ತಿ ನಂಬಬೇಡಿ: ಈ ಕಾರಿನ ಮೂಲ ಉಷ್ಣತಾ ಮಾಪಕ ಬಿಸಿ ಬಹಳ ಏರಿಳಿದರೂ ನಡುಮಧ್ಯದಲ್ಲೇ ನಿಲ್ಲುವ ಸ್ವಭಾವದ್ದು. ಸ್ಕ್ಯಾನರಿನಲ್ಲಿ ಡಿಗ್ರಿ ಓದಿ. ರೇಡಿಯೇಟರ್ ಫ್ಯಾನಿನ ಸುತ್ತ ಗಾಳಿಯನ್ನು ಹಿಡಿದಿಡುವ ಕವಚ ಇದೆಯೇ ಎಂಬುದನ್ನೂ ಗಮನಿಸಿ. ಕವಚವಿಲ್ಲದ ಫ್ಯಾನ್ ಕಾರು ನಿಂತಾಗ ಅರ್ಧ ಗಾಳಿಯನ್ನು ವ್ಯರ್ಥವಾಗಿ ಸುತ್ತಿಸುತ್ತದೆ.

ಇಂಧನದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಎಲ್‌ಎಸ್1ಗೆ ಸುಮಾರು 4 ಬಾರ್ ಒತ್ತಡ ಬೇಕು. ಹೋಸ್‌ಗಳ ಮೇಲೆ ಇಂಜೆಕ್ಷನ್ ಒತ್ತಡಕ್ಕೆ ತಕ್ಕದ್ದೆಂಬ ಅಚ್ಚು ಇರಬೇಕು. ಕ್ಲಿಪ್ಪುಗಳು ಸ್ಕ್ರೂನಿಂದ ಹೋಸನ್ನು ಕಚ್ಚಿ ಹರಿಯುವಂಥವು ಆಗಿರಬಾರದು. ಮುಗಿಯಿತು. ಪೆಟ್ರೋಲ್ ವಾಸನೆ ಬಂದರೆ ಮಾತ್ರ, ಹಳೆಯ ಕಾರು ಅಂದಮೇಲೆ ಸ್ವಲ್ಪ ಇರುತ್ತದೆ ಎಂಬ ಸಮಾಧಾನವನ್ನು ಕೇಳಿಸಿಕೊಳ್ಳಬೇಡಿ. ಇರಕೂಡದು.

ಇದೆಲ್ಲ ಆದ ಮೇಲೆ ಮತ್ತೊಮ್ಮೆ ಓಡಿಸಿ, ಈ ಬಾರಿ ಒಂದು ಗಂಟೆ. ಮೊದಲ ಇಪ್ಪತ್ತು ನಿಮಿಷ ವೇಗದ ಆಸೆಯನ್ನು ಬದಿಗಿಟ್ಟು ವಾಹನದಟ್ಟಣೆಯಲ್ಲಿ ತೆವಳಿ, ಎ.ಸಿ. ಇದ್ದರೆ ಹಾಕಿಕೊಂಡೇ. ಫ್ಯಾನ್ ಶುರುವಾದ ಮೇಲೆ ಬಿಸಿ ಇಳಿಯಬೇಕು, ಏರುತ್ತಲೇ ಹೋಗಬಾರದು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಉಜ್ಜುವ ಸದ್ದಿಗೆ ಕಿವಿಗೊಡಿ. ಆಮೇಲೆ ತೆರೆದ ರಸ್ತೆಗೆ ಬನ್ನಿ. ಒಂದು ನಿರ್ದಿಷ್ಟ ವೇಗದಲ್ಲಷ್ಟೇ ಸೀಟಿನ ಅಡಿ ನಡುಕ ಬಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಅಥವಾ ಸಮತೂಕ ತಪ್ಪಿದೆ. ಆಕ್ಸಲರೇಟರ್ ಒತ್ತಿ ಬಿಟ್ಟಾಗ ಹಿಂದಿನಿಂದ ಧಡಕ್ ಎಂದರೆ, ಮೇಲೆ ಹೇಳಿದ ಡಿಫರೆನ್ಷಿಯಲ್ ಬ್ರಾಕೆಟ್ ನೆನಪಿಸಿಕೊಳ್ಳಿ. ಸ್ಪೀಡೋಮೀಟರನ್ನು ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ. ಹಿಂದಿರುಗಿ ಎಂಜಿನ್ ಆರಿಸಿ, ಹತ್ತು ನಿಮಿಷ ಮಾತಾಡುತ್ತಾ ನಿಂತು ಮತ್ತೆ ಶುರು ಮಾಡಿ. ಇಕ್ಕಟ್ಟಿನ ಜಾಗದಲ್ಲಿ ಎಕ್ಸಾಸ್ಟ್ ಶಾಖಕ್ಕೆ ಬೆಂದ ಸ್ಟಾರ್ಟರ್ ಆ ಹೊತ್ತಿನಲ್ಲೇ ಮುಷ್ಕರ ಹೂಡುವುದು. ಕ್ಯಾಮ್‌ಶಾಫ್ಟ್ ಬದಲಿಸಿದ್ದರೆ ಐಡ್ಲಿಂಗಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಸಾಲದೆ ಬ್ರೇಕ್ ಪೆಡಲ್ ಕಲ್ಲಿನಂತಾಗಬಹುದು, ಅದನ್ನೂ ಒತ್ತಿ ನೋಡಿ. ಕ್ಲಚ್ ಪೆಡಲ್ ನೆಲಕ್ಕೆ ಇಳಿದು ನಿಧಾನವಾಗಿ ಮೇಲೆ ಬಂದರೆ ಎಚ್ಚರ. ಕಮಾರೊ ಮೂಲದ ಈ ಟಿ56ರ ಕ್ಲಚ್ ಸಿಲಿಂಡರ್, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚವಾದ ಬೆಲ್‌ಹೌಸಿಂಗಿನ ಒಳಗಿರುತ್ತದೆ, ಅದು ಸೋರಿದರೆ ಗೇರ್‌ಬಾಕ್ಸನ್ನೇ ಇಳಿಸಬೇಕು.

ಕಾನೂನಿನ ಭಾಗವನ್ನು ಮುಂಗಡ ಕೊಡುವ ಮೊದಲೇ ಮುಗಿಸಿಕೊಳ್ಳಿ. ನೋಂದಣಿ ಪತ್ರದಲ್ಲಿ ಬದಲಾದ ಎಂಜಿನ್ ದಾಖಲಾಗಿದೆಯೇ, ಅದರ ಮೇಲಿನ ಸಂಖ್ಯೆ ಕಾಗದಕ್ಕೆ ತಾಳೆಯಾಗುತ್ತದೆಯೇ, ನಿಮ್ಮ ಊರಿನ ಹೊಗೆ ತಪಾಸಣೆ ಈ ಕಾರನ್ನು ಯಾವ ವರ್ಷದ್ದೆಂದು ಪರಿಗಣಿಸುತ್ತದೆ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ವಿಮಾ ಕಂಪನಿಗೆ ಎಂಜಿನ್ ಬದಲಾವಣೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಪರಿಹಾರ ಕೇಳಬೇಕಾದ ದಿನ ಅದೇ ನಿಮಗೆ ತಿರುಗುಬಾಣವಾಗುತ್ತದೆ.

ಬೆಲೆಯ ಬಗ್ಗೆ ನನ್ನ ನಿಲುವು ಕಟುವಾಗಿದೆ. ಕಸಿಗೆ ಇಷ್ಟು ಖರ್ಚಾಯಿತು, ಆದ್ದರಿಂದ ಬೆಲೆ ಇಷ್ಟು ಎಂಬ ಲೆಕ್ಕವನ್ನು ಒಪ್ಪಬೇಡಿ. ಆ ಖರ್ಚು ಮಾಡಿದವರು ಅದರ ಸುಖವನ್ನೂ ಅನುಭವಿಸಿದ್ದಾರೆ. ಮೂಲ ಎಂಜಿನ್ನಿನ, ಚೆನ್ನಾಗಿ ಕಾಪಾಡಿದ ಆರ್‌ಎಕ್ಸ್-7 ಸಂಗ್ರಾಹಕರ ಕಾರು. ನಿಮ್ಮದು ಓಡಿಸುವವರ ಕಾರು. ಮುಂದೊಂದು ದಿನ ಮಾರುವಾಗ ಕೊಳ್ಳುವವರ ಸಾಲು ಚಿಕ್ಕದಿರುತ್ತದೆ ಎಂಬುದನ್ನು ಈಗಲೇ ಲೆಕ್ಕಕ್ಕೆ ಹಿಡಿದು ಬೆಲೆ ಕೇಳಿ. ತೆಗೆದ ರೋಟರಿ ಎಂಜಿನ್ ಮತ್ತು ಅದರ ಗೇರ್‌ಬಾಕ್ಸ್ ಇನ್ನೂ ಯಾರ ಬಳಿಯಾದರೂ ಇದ್ದರೆ, ಕೆಟ್ಟಿದ್ದರೂ ಸರಿ, ಅವನ್ನೂ ವ್ಯವಹಾರಕ್ಕೆ ಸೇರಿಸಿಕೊಳ್ಳಿ.

ಸವೆದ ಬುಷ್, ಹಳೆಯ ಟೈರ್, ಕೆಲಸ ಮಾಡದ ಎ.ಸಿ., ಹೊಂದಾಣಿಕೆ ತಪ್ಪಿದ ಸ್ಪೀಡೋಮೀಟರ್ ಇವೆಲ್ಲ ಚೌಕಾಸಿಗೆ ಒದಗುವ ದೋಷಗಳು. ಇವಿದ್ದರೂ ಕೊಳ್ಳಿ. ಬಿರುಕು ಬಿಟ್ಟ ತಗಡು, ಕುರುಡು ವೈರಿಂಗ್, ಕಾರಣ ಹೇಳಲಾಗದ ಬಿಸಿ ಈ ಮೂರರಲ್ಲಿ ಒಂದಿದ್ದರೂ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ವೈರಿಂಗನ್ನು ನಾನೇ ಸರಿಮಾಡಿಕೊಳ್ಳುತ್ತೇನೆ ಎಂದು ಕೊಂಡವರಲ್ಲಿ ಹಲವರ ಕಾರುಗಳು ವರ್ಷಗಟ್ಟಲೆ ಹೊದಿಕೆಯ ಅಡಿ ಮಲಗಿರುವುದನ್ನು ಕಂಡಿದ್ದೇನೆ. ಆ ಕಾರುಗಳನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಕೊನೆಯದಾಗಿ, ಲಿಫ್ಟ್ ಗೊತ್ತುಮಾಡುವ ಮೊದಲೇ ನೀವು ಮಾಡಬೇಕಾದ ಕೆಲಸ. ಮಾರುವವರನ್ನು ಕೇಳಿ ಹಿಂದಿನ ಮಾಲೀಕರನ್ನು ಸಂಪರ್ಕಿಸಿ. ತಾವು ಕಟ್ಟಿದ ಕಾರಿನ ಬಗ್ಗೆ ಮಾತಾಡಲು ಇಂಥವರು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ, ಮಾರಿದ ಮೇಲಂತೂ ಮುಚ್ಚಿಡಲು ಅವರಿಗೆ ಕಾರಣವೂ ಇರುವುದಿಲ್ಲ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ ಎಂದು ಕೇಳಬೇಡಿ. ಕಾರು ಮಾರುವ ಹೊತ್ತಿಗೆ ಯಾವ ಕೆಲಸ ಬಾಕಿ ಉಳಿದಿತ್ತು ಎಂದು ಕೇಳಿ, ಸುಮ್ಮನಿದ್ದು ಕೇಳಿಸಿಕೊಳ್ಳಿ. ಪ್ರತಿ ಕಸಿಯಲ್ಲೂ ಏನಾದರೊಂದು ಬಾಕಿ ಇದ್ದೇ ಇರುತ್ತದೆ. ಅವರು ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡು, ಅದೇ ಹಾಳೆಯನ್ನು ಹಿಡಿದು ಕಾರಿನ ಅಡಿಗೆ ಹೋಗಿ.